ನಾನು ಮ್ಯಾಕ್, ಅಬ್ಬಾ ಪಿಸಿ

ನಮ್ಮ ಅಬ್ಬಾ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಟಿಪಿ ಕೆಲಸ ಮಾಡುತ್ತಾರೆ. ಮದುವೆ ಕಾರ್ಡ್, ಬಿಲ್ ಪುಸ್ತಕ, ಕರಪತ್ರ. ಉರ್ದು ಕಾರ್ಡ್ ಬಂದರೆ ಇನ್‌ಪೇಜ್ ತೆರೆಯುತ್ತಾರೆ, ಕನ್ನಡ ಕಾರ್ಡ್ ಬಂದರೆ ನುಡಿ. ನನ್ನ ಹತ್ತನೇ ತರಗತಿ ಮುಗಿದ ರಜೆಯಲ್ಲಿ ಅವರು ನನಗೆಂದು ಒಂದು ಕಂಪ್ಯೂಟರ್ ತಂದರು. ಹೊಸದಲ್ಲ. ಯಾವುದೋ ಆಫೀಸಿನವರು ಮಾರಿದ ಕಪ್ಪು ಡೆಸ್ಕ್‌ಟಾಪ್. ಅದರ ಬದಿಯಲ್ಲಿ ಆಫೀಸಿನ ನಂಬರ್ ಬರೆದ ಸ್ಟಿಕ್ಕರ್ ಹಾಗೇ ಇತ್ತು.

ನನಗೆ ಬೇಕಾಗಿದ್ದದ್ದು ಕಚ್ಚಿದ ಸೇಬಿನ ಗುರುತಿರುವ ಲ್ಯಾಪ್‌ಟಾಪ್. ಯಾಕೆ ಎಂದು ಕೇಳಿದ್ದರೆ ಉತ್ತರ ಇರಲಿಲ್ಲ. ಅದನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ.

ಒಂದು ದಿನ ಗೆಳತಿಯೊಬ್ಬಳು ಮನೆಗೆ ಬಂದಳು. ಕಂಪ್ಯೂಟರ್ ನೋಡಿ "ನಿಂದಾ?" ಎಂದಳು. "ಅಲ್ಲ, ಇದು ಅಬ್ಬಾ ಅಂಗಡಿಯ ಹಳೇ ಡಬ್ಬಾ. ನಾನು ಡಿಗ್ರಿಗೆ ಸೇರುವಾಗ ಮ್ಯಾಕ್ ತಗೋತೀನಿ" ಎಂದೆ. ತಿರುಗಿ ನೋಡಿದರೆ ಅಬ್ಬಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಹೇಳಿದ್ದು ಕನ್ನಡದಲ್ಲಿ. ಆದರೆ ಅಬ್ಬಾ ದಿನವಿಡೀ ಕನ್ನಡ ಟೈಪ್ ಮಾಡುವವರು. ಅವರು ಏನೂ ಹೇಳಲಿಲ್ಲ. ಆ ರಾತ್ರಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಆ ಸ್ಟಿಕ್ಕರನ್ನು ಉಜ್ಜಿ ಉಜ್ಜಿ ತೆಗೆದರು.

ಈ ವರ್ಷ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆಯ ಪಾಠ ಬಂತು. ಎರಡು ಪ್ರತಿಸ್ಪರ್ಧಿ ಕಂಪನಿಗಳ ಜಾಹೀರಾತು ಹೋಲಿಸಿ ಬರೆಯಲು ನಮ್ಮ ಮೇಡಂ ಹೇಳಿದರು. ಕೆಲವರು ಸೋಪು, ಕೆಲವರು ತಂಪು ಪಾನೀಯ ತೆಗೆದುಕೊಂಡರು. ನಾನು ಕಂಪ್ಯೂಟರ್ ತೆಗೆದುಕೊಂಡೆ. ಆ ವಿಷಯ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಈ ಜಗಳ ಶುರುವಾದದ್ದು ಅಮೆರಿಕದಲ್ಲಿ, ನಾನು ಹುಟ್ಟುವುದಕ್ಕೆ ಬಹಳ ಮೊದಲು. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಅದು ದೈತ್ಯ ಕಂಪನಿ. ಆಪಲ್ ಆಗ ಐದು ವರ್ಷದ ಕೂಸು. ಆಪಲ್ ಹೆದರಿದ ಹಾಗೆ ತೋರಿಸಿಕೊಳ್ಳಲಿಲ್ಲ. ಐಬಿಎಂಗೆ ಸ್ವಾಗತ ಕೋರಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟಿತು. ಮರ್ಯಾದೆಯಲ್ಲೇ ಒಂದು ಚುಚ್ಚು. ಐಬಿಎಂ ಕೂಡ ಬುದ್ಧಿವಂತಿಕೆ ತೋರಿಸಿತು. ಕಂಪ್ಯೂಟರ್ ಎಂದರೆ ಜನ ಹೆದರುತ್ತಿದ್ದ ಕಾಲ ಅದು. ಚಾರ್ಲಿ ಚಾಪ್ಲಿನ್‌ನ ಅಲೆಮಾರಿ ವೇಷ ಹಾಕಿದ ನಟನನ್ನು ತನ್ನ ಜಾಹೀರಾತಿನಲ್ಲಿ ನಿಲ್ಲಿಸಿತು. ದೊಡ್ಡ ಕಂಪನಿ ಬಡವನ ಟೋಪಿ ಹಾಕಿಕೊಂಡಿತು.

1984ರ ಜನವರಿ 22ರಂದು, ಅಮೆರಿಕದ ಫುಟ್‌ಬಾಲ್ ಫೈನಲ್ ಪಂದ್ಯದ ನಡುವೆ, ಆಪಲ್‌ನ ಅತಿ ಪ್ರಸಿದ್ಧ ಜಾಹೀರಾತು ಬಂತು. ನಿರ್ದೇಶಕ ರಿಡ್ಲಿ ಸ್ಕಾಟ್. ಬೂದು ಬಟ್ಟೆಯ ಜನ ಸಾಲಾಗಿ ಕುಳಿತು ಪರದೆಯ ಮೇಲಿನ ದೊಡ್ಡ ಮುಖವೊಂದರ ಭಾಷಣ ಕೇಳುತ್ತಿರುತ್ತಾರೆ. ಒಬ್ಬ ಹೆಂಗಸು ಓಡಿ ಬಂದು ಸುತ್ತಿಗೆ ಎಸೆದು ಪರದೆ ಒಡೆಯುತ್ತಾಳೆ. ಆ ಮುಖ ಐಬಿಎಂನದು ಎಂದು ಯಾರೂ ಹೇಳುವುದಿಲ್ಲ, ನೋಡಿದವರೇ ಅರ್ಥ ಮಾಡಿಕೊಂಡರು. ಎರಡು ದಿನದ ನಂತರ ಮ್ಯಾಕಿಂಟಾಷ್ ಬಿಡುಗಡೆಯಾಯಿತು. ಬೆಲೆ 2,495 ಡಾಲರ್.

ಇದನ್ನು ನಾನು ಅಬ್ಬಾಗೆ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದರು. ಆಮೇಲೆ ಕೇಳಿದರು, "ಇಸ್ ಮೆ ಕಂಪ್ಯೂಟರ್ ಕಾಂ ಹೈ?" ಇದರಲ್ಲಿ ಕಂಪ್ಯೂಟರ್ ಎಲ್ಲಿದೆ? ನಾನು ಮತ್ತೆ ಹಾಕಿದೆ. ಓಡುವ ಹೆಂಗಸಿನ ಬಟ್ಟೆಯ ಮೇಲೆ ಒಂದು ಗೆರೆ ಚಿತ್ರ ಬಿಟ್ಟರೆ ಕಂಪ್ಯೂಟರ್ ಎಲ್ಲೂ ಇಲ್ಲ. ಅದು ಎಷ್ಟು ಬೇಗ ಕೆಲಸ ಮಾಡುತ್ತದೆ, ಎಷ್ಟು ದಿನ ಬಾಳುತ್ತದೆ, ಯಾವುದೂ ಇಲ್ಲ. ಇದನ್ನು ಕೊಂಡರೆ ನೀನು ಓಡುವವಳು, ಕೊಳ್ಳದಿದ್ದರೆ ಬೂದು ಬಟ್ಟೆಯಲ್ಲಿ ಕುಳಿತವಳು. ಇಷ್ಟೇ ಅದು ಹೇಳುವುದು.

ಮರುವರ್ಷ ಆಪಲ್ ಇನ್ನೂ ಮುಂದೆ ಹೋಯಿತು. ಸೂಟು ಧರಿಸಿದ ಆಫೀಸಿನ ಜನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಬಂಡೆಯ ಅಂಚಿನಿಂದ ಬೀಳುವ ಜಾಹೀರಾತು ಮಾಡಿತು. ಯಾರಿಗೆ ಮಾರಬೇಕಿತ್ತೋ ಅವರನ್ನೇ ಕುರುಡರು ಎಂದ ಹಾಗಾಯಿತು. ಅದು ಸೋತಿತು.

ನಂತರದ ಜಗಳ ಆಪಲ್ ಮತ್ತು ಮೈಕ್ರೋಸಾಫ್ಟ್ ನಡುವೆ. 2006ರಿಂದ 2009ರವರೆಗೆ ಆಪಲ್ 66 ಜಾಹೀರಾತುಗಳ ಒಂದು ಸರಣಿ ಮಾಡಿತು. ಬಿಳಿ ಹಿನ್ನೆಲೆ, ಇಬ್ಬರು ಗಂಡಸರು. ಜಸ್ಟಿನ್ ಲಾಂಗ್ ಎಂಬ ನಟ ತಾನು ಮ್ಯಾಕ್ ಎನ್ನುತ್ತಾನೆ, ಸಾದಾ ಬಟ್ಟೆ, ಆರಾಮಾಗಿ ನಿಂತಿದ್ದಾನೆ. ಜಾನ್ ಹಾಡ್ಜ್‌ಮನ್ ಎಂಬ ನಟ ತಾನು ಪಿಸಿ ಎನ್ನುತ್ತಾನೆ. ಕನ್ನಡಕ, ಬಿಗಿಯಾದ ಕೋಟು, ಟೈ. ಲೆಕ್ಕಪತ್ರ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಪಾಪದ ಮನುಷ್ಯ. ವೈರಸ್ ಬಂದು ಸೀನುತ್ತಾನೆ. ಪೂರ್ತಿ ಸುಳ್ಳಲ್ಲ, ಆಗಿನ ವಿಂಡೋಸ್ ವಿಸ್ಟಾ ಬಗ್ಗೆ ಜನರ ದೂರು ಬಹಳ ಇತ್ತು. ನೋಡುತ್ತಾ ನಾನು ತುಂಬ ನಕ್ಕೆ. ಆಮೇಲೆ ನಗು ನಿಂತಿತು. ಕನ್ನಡಕ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ದಿನವಿಡೀ ಬಿಲ್ ಪುಸ್ತಕ ಕಂಪೋಸ್ ಮಾಡುವ ಒಬ್ಬರು ನಮ್ಮ ಮನೆಯಲ್ಲೂ ಇದ್ದಾರೆ.

2008ರಲ್ಲಿ ಮೈಕ್ರೋಸಾಫ್ಟ್ ಉತ್ತರ ಕೊಟ್ಟಿತು. ಬೇರೆ ಬೇರೆ ದೇಶ, ಬೇರೆ ಬೇರೆ ಕೆಲಸದ ಜನ ಬಂದು ತಾವು ಪಿಸಿ ಎಂದು ಹೆಮ್ಮೆಯಿಂದ ಹೇಳುವ ಜಾಹೀರಾತು ಅದು. 2009ರಲ್ಲಿ ಇನ್ನೊಂದು ಬಂತು. ಸಾವಿರ ಡಾಲರ್ ಒಳಗೆ ದೊಡ್ಡ ಪರದೆಯ ಲ್ಯಾಪ್‌ಟಾಪ್ ಹುಡುಕುವ ಒಬ್ಬ ಯುವತಿ ಆಪಲ್ ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದು, 699.99 ಡಾಲರಿಗೆ ಎಚ್‌ಪಿ ಕೊಳ್ಳುತ್ತಾಳೆ. ನನಗೆ ಹಿಡಿಸಿದ್ದು ಇದು. ಇದೂ ಮಾರುವ ಉಪಾಯವೇ, ಆದರೆ ಕನಿಷ್ಠ ಬೆಲೆ, ಪರದೆಯ ಅಳತೆ ಎಂಬ ಮಾತಾದರೂ ಬಂತು. ಅದೇ ವರ್ಷ ಜೂನ್‌ನಲ್ಲಿ ಆಪಲ್ ಕೆಲವು ಲ್ಯಾಪ್‌ಟಾಪ್‌ಗಳ ಬೆಲೆ ಇಳಿಸಿತು. ಜಾಹೀರಾತಿನಿಂದಲೇ ಇಳಿಯಿತು ಎಂದು ನಾನು ಹೇಳಲಾರೆ, ಆದರೆ ಪೈಪೋಟಿ ಬೆಲೆಯ ಮೇಲೆ ನಡೆದರೆ ಗ್ರಾಹಕನಿಗೆ ಲಾಭ ಎಂದು ಪಾಠದಲ್ಲಿ ಓದಿದ್ದು ಅರ್ಥವಾಯಿತು.

ಇನ್ನು ಎರಡು ಸಂಗತಿ ನನ್ನನ್ನು ಬೆಚ್ಚಿಬೀಳಿಸಿದವು. ಒಂದು, ಈ ಸರಣಿಗೆ ಮೊದಲೇ, 1997ರಲ್ಲಿ, ಆಪಲ್ ಕಷ್ಟದಲ್ಲಿದ್ದಾಗ ಅದರಲ್ಲಿ 15 ಕೋಟಿ ಡಾಲರ್ ಹೂಡಿದ್ದು ಮೈಕ್ರೋಸಾಫ್ಟ್! ಎರಡು, ಮ್ಯಾಕ್ ಆಗಿದ್ದ ಅದೇ ಜಸ್ಟಿನ್ ಲಾಂಗ್ 2021ರಲ್ಲಿ ಇಂಟೆಲ್ ಕಂಪನಿಯ ಜಾಹೀರಾತಿನಲ್ಲಿ ನಿಂತು ಪಿಸಿಯನ್ನು ಹೊಗಳಿದ. ಮ್ಯಾಕ್‌ಗಳಿಗೆ ಇಂಟೆಲ್ ಚಿಪ್ ಬಿಟ್ಟು ತನ್ನದೇ ಚಿಪ್ ಹಾಕಲು ಆಪಲ್ ಶುರುಮಾಡಿದ್ದೇ ಕಾರಣ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಟನೆ ಅವನ ಕೆಲಸ. ಅವರು ಹಣ ಪಡೆದು ಪಾತ್ರ ಮಾಡಿದರು. ನಾನು ಮಾತ್ರ ಹಣವಿಲ್ಲದೆ, ನಮ್ಮ ಮನೆಯ ಬಾಗಿಲಲ್ಲೇ, ಅದೇ ಪಾತ್ರ ಮಾಡಿದ್ದೆ.

ಜಾಹೀರಾತಿನ ಮೇಲಿನ ಆಕ್ಷೇಪಣೆಗಳು ಎಂಬ ಪ್ರಶ್ನೆಗೆ "ಗ್ರಾಹಕರನ್ನು ಗೊಂದಲಗೊಳಿಸುತ್ತದೆ" ಎಂದು ನಾವೆಲ್ಲ ಅಂಕಕ್ಕಾಗಿ ಬರೆಯುತ್ತೇವೆ. ಗೊಂದಲ ಯಾವುದು ಎಂದು ಈಗ ನನಗೆ ಗೊತ್ತು. "ನನಗೆ ಏನು ಬೇಕು?" ಎಂದು ಕೇಳಬೇಕಾದಲ್ಲಿ "ನಾನು ಯಾರು?" ಎಂದು ಕೇಳಿಸುವುದೇ ಆ ಗೊಂದಲ. ನನಗೆ ಬೇಕಾಗಿದ್ದದ್ದು ಟ್ಯಾಲಿ ಕಲಿಯಲು, ಅಸೈನ್‌ಮೆಂಟ್ ಟೈಪ್ ಮಾಡಲು ಒಂದು ಕಂಪ್ಯೂಟರ್. ಅದು ಮನೆಯಲ್ಲಿತ್ತು.

ಮುಂದೆ ಸಂಪಾದಿಸಿದಾಗ ನಾನು ಮ್ಯಾಕ್ ಕೊಳ್ಳಬಹುದು, ಕೊಳ್ಳದೆಯೂ ಇರಬಹುದು. ಈ ಲೇಖನ ಟೈಪ್ ಮಾಡಿದ್ದು ಆ ಕಪ್ಪು ಡೆಸ್ಕ್‌ಟಾಪ್‌ನಲ್ಲಿ, ನುಡಿಯಲ್ಲಿ. ಒತ್ತಕ್ಷರ ಹಾಕಲು ಕಲಿಸಿದವರು ಅಬ್ಬಾ. ಸ್ಟಿಕ್ಕರ್ ಇದ್ದ ಜಾಗದಲ್ಲಿ ಬಣ್ಣ ಸ್ವಲ್ಪ ಮಾಸಿದೆ. ಅಂದು ಆಡಿದ ಮಾತಿಗೆ ನಾನು ಇನ್ನೂ ಬಾಯಿಬಿಟ್ಟು ಮಾಫಿ ಕೇಳಿಲ್ಲ. ಈ ಸಂಚಿಕೆ ಕೈಗೆ ಬಂದ ದಿನ ಅವರ ಮುಂದೆ ಇಡುತ್ತೇನೆ. ಅವರು ಕನ್ನಡವನ್ನು ನನಗಿಂತ ಚೆನ್ನಾಗಿ ಓದುತ್ತಾರೆ.