ಮನೆ ಬಿಡುವ ಮುನ್ನ ತೀರಿಸಬೇಕಾದ ಋಣಗಳು

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾರೆ. ಇಂಡಿ, ಸಿಂದಗಿ ಸೀಮೆಗಳು ಭೀಮಾತೀರಕ್ಕೆ ಸೇರಿದವು. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳು ಕೃಷ್ಣಾತೀರಕ್ಕೆ ಸೇರಿದವು. ನಡುವೆ ಡೋಣಿ ನದಿಯ ಕರಿಯ ಎರೆಭೂಮಿ. ಡೋಣಿ ಹರಿದರೆ ಓಣಿಯೆಲ್ಲ ಕಾಳೆಂಬ ನಾಣ್ಣುಡಿ ಈ ನೆಲದ ಸತ್ವಕ್ಕೆ ಸಾಕ್ಷಿಯಾಗಿದೆ. ಆದರೆ ಅದರಲ್ಲಿಯೇ ‘ಹರಿದರೆ’ ಎಂಬ ಸಂದೇಹವೂ ಅಡಗಿದೆ. ಎರಡು ಮಹಾನದಿಗಳ ನಡುವೆ ಇದ್ದೂ ಮುಗಿಲು ನೋಡುತ್ತ ಬದುಕಿದ ನಾಡಿದು. ಮನೆ ಬಿಟ್ಟು ಹೋಗುವುದು ಇಲ್ಲಿಯ ಒಕ್ಕಲು ಮಕ್ಕಳಿಗೆ ಹೊಸತಲ್ಲ. ಭೀಮಾತೀರದವರು ನೀರಿಲ್ಲದೆ ಮನೆ ಬಿಟ್ಟರು. ಕೃಷ್ಣಾತೀರದವರು ನೀರು ಬಂದು ಮನೆ ಬಿಟ್ಟರು.

ಭೀಮಾತೀರದ ಅಗಲಿಕೆಗೆ ‘ಗುಳೆ’ ಎಂದು ಹೆಸರು. 1972ರ ಭೀಕರ ಬರಗಾಲವನ್ನು ಕಂಡ ಹಿರಿಯರು ಇಂಡಿ, ಸಿಂದಗಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ದೀಪಾವಳಿ ಮುಗಿಯುತ್ತಲೇ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳ ಕಬ್ಬಿನ ಹೊಲಗಳಿಗೂ, ಪುಣೆ, ಮುಂಬಯಿ, ಗೋವೆಗಳ ಕಟ್ಟಡದ ಕೆಲಸಕ್ಕೂ ಬಡ ಕುಟುಂಬಗಳು ಹೊರಡುತ್ತಿದ್ದವು. ಹಾಗೆ ಹೊರಟವರ ಗಂಟಿನಲ್ಲಿ ರೊಟ್ಟಿಯ ಹಂಚು, ಒಂದೆರಡು ಕೌದಿ, ಖಾರದ ಪುಡಿ, ಜೋಳದ ಚೀಲ ಇಷ್ಟೇ ಇರುತ್ತಿದ್ದವು. ಮನೆಯ ಕೀಲಿಯನ್ನು ಮುದಿ ತಾಯಿತಂದೆಗಳ ಕೈಗಿಟ್ಟು, ಯುಗಾದಿಗೆ ಮರಳಿ ಬರುವ ಮಾತು ಕೊಟ್ಟು ಹೋಗುತ್ತಿದ್ದರು. ಗುಳೆ ಹೋದವನಿಗೆ ಮರಳಲು ಒಂದು ಹೊಸ್ತಿಲಾದರೂ ಇತ್ತು.

ಕೃಷ್ಣಾತೀರದ ಅಗಲಿಕೆಗೆ ಮರಳುವ ಹೊಸ್ತಿಲಿಲ್ಲ. ಅದಕ್ಕೆ ‘ಮುಳುಗಡೆ’ ಎಂದು ಹೆಸರು. 1964ರ ಮೇ 22ರಂದು, ಮುಂದೆ ಕೆಲವೇ ದಿನಗಳಲ್ಲಿ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಆಗ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆ ಸ್ಥಳ ಇಂದು ನಿಡಗುಂದಿ ತಾಲೂಕಿನಲ್ಲಿದೆ. ಕೆಳಗಿನ ನಾರಾಯಣಪುರದ ಬಸವಸಾಗರ 1982ರಲ್ಲಿ ಪೂರ್ಣಗೊಂಡು, ಅದರ ಹಿನ್ನೀರು ಮುದ್ದೇಬಿಹಾಳ ಸೀಮೆಯ ಹೊಳೆದಂಡೆಯನ್ನು ಆವರಿಸಿತು. ಆಲಮಟ್ಟಿಯ ಕಟ್ಟಡ ಮುಗಿದದ್ದು 2005ರಲ್ಲಿ. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದರು. ಅಡಿಗಲ್ಲಿನಿಂದ ಸಮರ್ಪಣೆಯವರೆಗೆ 42 ವರ್ಷಗಳು. ಅಷ್ಟು ಕಾಲ ಒಂದು ತಲೆಮಾರು ಹೋಗುವುದೋ ಇರುವುದೋ ಎಂಬ ಅನುಮಾನದಲ್ಲಿ ಗೋಡೆಗೆ ಸುಣ್ಣ ಹಚ್ಚದೆ, ಮಾಳಿಗೆಗೆ ಹೊಸ ಮಣ್ಣು ಹಾಕದೆ ಬದುಕಿತು.

ಈ ಅಧ್ಯಾಯ ಇನ್ನೂ ಮುಗಿದಿಲ್ಲ. ಈಗ 519.60 ಮೀಟರಿಗೆ ನಿಂತಿರುವ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರ ಡಿಸೆಂಬರಿನಲ್ಲಿ ಕೃಷ್ಣಾ ನ್ಯಾಯಾಧಿಕರಣವು ತನ್ನ ತೀರ್ಪಿನಲ್ಲಿ ಸಮ್ಮತಿಸಿತು. ಆ ಎತ್ತರಕ್ಕೆ 20 ಗ್ರಾಮಗಳೂ ಬಾಗಲಕೋಟೆ ನಗರದ ಕೆಲವು ಭಾಗಗಳೂ 75 ಸಾವಿರ ಎಕರೆಗೆ ಮಿಕ್ಕಿದ ಭೂಮಿಯೂ ನೀರಿನ ಪಾಲಾಗಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಪಡಿಸಿತು. ಆದುದರಿಂದ ಅನೇಕ ಮನೆಗಳಲ್ಲಿ ಈಗ ಹೊಸ ಮನೆಯ ನಕ್ಷೆ, ದಿಕ್ಕು, ಬಾಗಿಲುಗಳ ಮಾತು ನಡೆದಿದೆ. ಸಾಮಾನು ಕಟ್ಟುವ ಮುಂಚೆ ಕಟ್ಟಬೇಕಾದ ಲೆಕ್ಕಗಳು ಬೇರೆ ಇವೆ. ಹಳೆಯ ಮನೆಯಲ್ಲಿ ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಿಯೇ ಹೊರಡಬೇಕು.

ಮೊದಲ ಋಣ ಮನೆಯ ಹೆಣ್ಣುಮಕ್ಕಳದು. ಈ ಮಾತಿಗೆ ಬಸವನ ಬಾಗೇವಾಡಿಯೇ ಪ್ರಮಾಣ. ಆ ಊರಿನಿಂದ ಮನೆ ಬಿಟ್ಟು ಹೊರಟವರಲ್ಲಿ ಅತ್ಯಂತ ಪ್ರಸಿದ್ಧರು ಬಾಲಕ ಬಸವಣ್ಣನವರು. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೂ ಬೇಡವೆಂದು ತಂದೆಯ ಮನೆಯನ್ನು ತೊರೆದು ಅವರು ಕೂಡಲಸಂಗಮಕ್ಕೆ ನಡೆದರೆಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಅಂದರೆ ನಮ್ಮ ಧರ್ಮದ ಮೊದಲ ಹೆಜ್ಜೆಯೇ ಒಬ್ಬ ಸೋದರಿಯ ಸಮಪಾಲಿಗಾಗಿ ಹೊಸ್ತಿಲು ದಾಟಿದ ಹೆಜ್ಜೆ. ಇಂಥ ಊರಿನ ಸುತ್ತಮುತ್ತಲಲ್ಲಿಯೇ, ಪರಿಹಾರದ ಹಣ ಬರುವ ಸೂಚನೆ ಸಿಕ್ಕೊಡನೆ ಅಕ್ಕತಂಗಿಯರನ್ನು ತವರಿಗೆ ಕರೆಸಿ, ಒಂದು ಇಳಕಲ್ ಸೀರೆ ಉಡಿಸಿ, ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದುಂಟು. ಶರಣರ ಮನೆಗಳಿಗೆ ಇದು ಒಪ್ಪುವ ನಡತೆಯೇ?

ಕಾನೂನಿನ ಮಾತನ್ನೂ ತಿಳಿದಿರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. 2005ರ ತಿದ್ದುಪಡಿಯು ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಹುಟ್ಟಿನಿಂದಲೇ ಕೊಟ್ಟಿತು. ಆ ಹೊತ್ತಿಗೆ ತಂದೆ ಬದುಕಿರಬೇಕೆಂಬ ನಿಯಮವೇನೂ ಇಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಇದ್ದರೆ ಮಾತ್ರ ಆ ಮಾತು ಬೇರೆ. ಆದುದರಿಂದ ಉತಾರದಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ವಾರಸಾ ದಾಖಲೆ ಮಾಡಿಸುವುದು, ಅಣ್ಣತಮ್ಮ ಅಕ್ಕತಂಗಿಯರು ಒಂದೆಡೆ ಕುಳಿತು ಪಾಲಿನ ಮಾತನ್ನು ಮುಗಿಸುವುದು, ಹೊಸ ಮನೆಯ ಹಕ್ಕುಪತ್ರದಲ್ಲಿ ಗೃಹಿಣಿಯ ಹೆಸರನ್ನೂ ಬರೆಸುವುದು, ಇವು ಪಾತ್ರೆ ಪರಡಿ ಕಟ್ಟುವುದಕ್ಕಿಂತ ಮೊದಲಿನ ಸಿದ್ಧತೆಗಳು. ಹಣ ಬಂದ ಮೇಲೆ ಆಡುವ ಪಾಲಿನ ಮಾತು ಕೋರ್ಟಿನ ಕಟ್ಟೆ ಏರುತ್ತದೆ. ಹಣ ಬರುವ ಮೊದಲು ಆಡಿದ್ದು ಪಡಸಾಲೆಯಲ್ಲಿಯೇ ಮುಗಿಯುತ್ತದೆ.

ಎರಡನೆಯ ಋಣ ಅಗಲಿದ ಹಿರಿಯರದು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಭೂಮಿಯಲ್ಲಿ ಸಮಾಧಿ ಮಾಡುವ ಪದ್ಧತಿ. ಅನೇಕ ಮನೆತನಗಳ ಸಮಾಧಿಗಳು ಸ್ವಂತ ಹೊಲದ ಬದುವಿನಲ್ಲಿಯೇ ಇರುತ್ತವೆ. ಮನೆಗೆ ಬದಲು ಮನೆ ಸಿಕ್ಕೀತು, ಹೊಲಕ್ಕೆ ಬದಲು ಹಣ ಸಿಕ್ಕೀತು. ತಾಯಿಯ ಸಮಾಧಿಗೆ ಬದಲು ಯಾವುದು? ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಊರಿನ ಗೋಡೆಯ ಬುಡಗಳು, ಕಟ್ಟೆಗಳು ತಲೆದೋರುತ್ತವೆ. ಅಲ್ಲಿಗೆ ಹೋಗಿ ಕೈಮುಗಿದು ಬರುವವರಿದ್ದಾರೆ. ಈ ನೋವನ್ನು ಹಗುರವಾಗಿ ಕಾಣಬಾರದು. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯಂತೆ ಗೋಡೆಯನ್ನು ಎತ್ತಿ ಅದನ್ನು ಹಿನ್ನೀರಿನಿಂದ ಕಾಪಾಡಲಾಗಿದೆ. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಒಂದೊಂದು ಮನೆತನದ ಸಮಾಧಿಗೂ ಹಾಗೆ ಗೋಡೆ ಕಟ್ಟಲಾಗದು. ಆದರೆ ಹೊರಡುವ ಮುನ್ನ ಕುಟುಂಬದವರೆಲ್ಲ ಕೂಡಿ ಅಲ್ಲಿ ವಿಭೂತಿ, ಪತ್ರೆ ಅರ್ಪಿಸಿ, ಯಾರ ಸಮಾಧಿ ಯಾವುದೆಂದು ಮೊಮ್ಮಕ್ಕಳಿಗೆ ತೋರಿಸಿ, ಹೆಸರು, ಊರು, ಲಿಂಗೈಕ್ಯರಾದ ವರ್ಷಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು.

ಇದೇ ಜಿಲ್ಲೆಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ದೇಹ ಬಿಟ್ಟ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕೆಂದೂ ಸ್ಮಾರಕವನ್ನು ಕಟ್ಟಬಾರದೆಂದೂ ಮೊದಲೇ ಬರೆದಿಟ್ಟಿದ್ದರು. ಗದ್ದುಗೆಯಿಲ್ಲದೆಯೂ ಅವರು ಮನೆಮನೆಗಳಲ್ಲಿ ಉಳಿದಿದ್ದಾರೆ. ಸಮಾಧಿ ನೀರಿನಡಿ ಹೋಯಿತೆಂದು ಕಣ್ಣೀರಿಡುವ ಮನೆಗಳು ಇದನ್ನು ನೆನೆಯಬೇಕು. ಕರದ ಮೇಲೆ, ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿ ನಡೆಯುವ ಧರ್ಮ ನಮ್ಮದು. ಸ್ಥಾವರಕ್ಕಿಂತ ಜಂಗಮ ಹಿರಿದೆಂಬ ಶರಣರ ತತ್ವ, ಊರನ್ನೇ ಬಿಡಬೇಕಾದ ದಿನ ಪುಸ್ತಕದಿಂದ ಹೊರಬಂದು ಕೈಹಿಡಿಯುತ್ತದೆ.

ಮೂರನೆಯ ಋಣ ಕಾಯಕಜೀವಿಗಳದು. ಹೊಲವುಳ್ಳವನಿಗೆ ಎಕರೆಯ ಲೆಕ್ಕದಲ್ಲಿ ಹಣ ಬರುತ್ತದೆ. ಅವನ ಕೂರಿಗೆ ಕುಂಟೆಗಳನ್ನು ಕಟ್ಟಿಕೊಟ್ಟ ಬಡಿಗ, ಕುಡ ತಟ್ಟಿಕೊಟ್ಟ ಕಂಬಾರ, ಗಡಿಗೆ ಮಾಡಿದ ಕುಂಬಾರ, ಹೊಲದಲ್ಲಿ ದುಡಿದ ಕೂಲಿಯಾಳು, ಇವರ ಹೆಸರಿನಲ್ಲಿ ಉತಾರವಿಲ್ಲ. 2013ರ ಭೂಸ್ವಾಧೀನ ಕಾಯಿದೆಯು ಭೂಮಿಯಿಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಬದುಕಿದ ಕೃಷಿ ಕೂಲಿಗಳನ್ನೂ ಗೇಣಿದಾರರನ್ನೂ ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬಗಳೆಂದು ಎಣಿಸುತ್ತದೆ. ಆದರೆ ಅವರು ದುಡಿದದ್ದು ನಿಜವೆಂದು ಹೇಳಬೇಕಾದವರು ಯಾರು? ದುಡಿಸಿಕೊಂಡವರೇ ಹೇಳಬೇಕು. ಸಮೀಕ್ಷೆಗೆ ಬಂದ ಅಧಿಕಾರಿಯ ಮುಂದೆ ತನ್ನ ಆಳಿನ ಪರವಾಗಿ ಒಂದು ಮಾತು ಸಾಕ್ಷಿ ನುಡಿಯುವುದು ದಾಸೋಹವೇ ಸರಿ. ಹೊಸ ಊರಿನಲ್ಲಿ ನಿವೇಶನಗಳನ್ನು ಆರಿಸುವಾಗಲೂ ಈ ಮನೆಗಳನ್ನು ದೂರದ ಮೂಲೆಗೆ ತಳ್ಳದೆ ಓಣಿಯನ್ನು ಕೂಡಿಸಿಕೊಂಡು ಹೋಗಬೇಕು. ಹಳೆಯ ಕೊಲ್ಹಾರ ಹಿನ್ನೀರಿಗೆ ಸಂದ ಮೇಲೆ ಊರು ಎತ್ತರದಲ್ಲಿ ಮತ್ತೆ ಕಟ್ಟಿಕೊಂಡಿತು. ಅದರ ಗಡಿಗೆಯ ಗಟ್ಟಿ ಮೊಸರು ಇಂದಿಗೂ ಹೆಸರಾಗಿದೆ. ಎಮ್ಮೆ ಸಾಕುವವರೂ ಗಡಿಗೆ ಮಾಡುವವರೂ ಇದ್ದಲ್ಲಿ ಮಾತ್ರ ಅಂಥ ಹೆಸರು ಉಳಿಯುತ್ತದೆ.

ನಾಲ್ಕನೆಯ ಋಣ ಅಕ್ಷರದ್ದು. ಹಳೆಯ ಮನೆ ಬಿಚ್ಚುವಾಗ ಜನರು ಸಾಗುವಾನಿಯ ಕಂಬ, ತೊಲೆ, ಬಾಗಿಲ ಚೌಕಟ್ಟುಗಳನ್ನು ಜತನದಿಂದ ಇಳಿಸಿಕೊಳ್ಳುತ್ತಾರೆ. ಅಟ್ಟದ ಮೇಲಿನ ಅರಿವೆಯ ಗಂಟನ್ನು ಮಾತ್ರ ಕಸದೊಡನೆ ಗುಡಿಸುತ್ತಾರೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇಂಥ ಮನೆಗಳ ಜಗುಲಿ, ಅಟ್ಟಗಳಿಂದಲೇ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಅಂದು ಒಂದೊಂದು ಗಂಟು ಒಲೆಗೆ ಹೋಗಿದ್ದರೆ ನಮ್ಮ ಎಷ್ಟು ವಚನಗಳು ಬೂದಿಯಾಗುತ್ತಿದ್ದವೋ! ಆದುದರಿಂದ ಓಲೆಗರಿ, ಹಳೆಯ ಕಡತ, ಮೋಡಿ ಅಕ್ಷರದ ಕಾಗದ, ಮನೆತನದ ವಹಿ ಏನೇ ಸಿಕ್ಕರೂ ಬಿಸಿಲಿಗೆ ಒಡ್ಡದೆ, ನೀರು ತಾಗಿಸದೆ, ಒಣ ಅರಿವೆಯಲ್ಲಿ ಸುತ್ತಿ ಬಲ್ಲವರಿಗೆ ತೋರಿಸಬೇಕು. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವೇ ಇದೆ.

ಇನ್ನು ಹೊರಡುವ ದಿನದ ಮಾತು. ಶರಣರು ತಿಥಿ, ವಾರ, ನಕ್ಷತ್ರಗಳ ಭಯವನ್ನು ನಿರಾಕರಿಸಿದವರು. ಪಂಚಾಂಗವನ್ನು ನಂಬಿ ಮಳೆಗಾಲದ ನಡುವೆ ಗಾಡಿ ಹೂಡುವುದು ಜಾಣತನವಲ್ಲ. ಹೊಲದಲ್ಲಿ ನಿಂತ ಬೆಳೆ ಮನೆಗೆ ಬಂದಿದೆಯೇ, ಮಕ್ಕಳ ಪರೀಕ್ಷೆ ಮುಗಿದಿದೆಯೇ, ಹೊಸ ಮನೆಗೆ ನೀರು ಬಂದಿದೆಯೇ, ಮುದುಕರ ಔಷಧಕ್ಕೆ ದವಾಖಾನೆ ಎಷ್ಟು ದೂರ, ದನಗಳಿಗೆ ನೆರಳಿದೆಯೇ, ಇವೇ ನೋಡಬೇಕಾದ ಮುಹೂರ್ತಗಳು. ಬೀಜದ ಬಿಳಿಜೋಳವನ್ನು ಬೂದಿ ಬೆರೆಸಿ ಬೇರೆಯಾಗಿ ಕಟ್ಟಬೇಕು. ಕಾಗದಪತ್ರಗಳ ಚೀಲ ಮನೆಯ ಹಿರಿಯರ ಕೈಯಲ್ಲಿಯೇ ಇರಬೇಕು. ಸಿದ್ಧತೆಗೆ ಕಾಲ ಸಿಕ್ಕುವುದೂ ಒಂದು ಭಾಗ್ಯ. 2009ರ ಅಕ್ಟೋಬರಿನ ನೆರೆಯಲ್ಲಿ ಉತ್ತರ ಕರ್ನಾಟಕದ ಸಹಸ್ರಾರು ಮನೆಗಳಿಗೂ, 2020ರ ಅಕ್ಟೋಬರಿನಲ್ಲಿ ಉಕ್ಕಿದ ಭೀಮೆಯ ದಂಡೆಯ ಇಂಡಿ, ಸಿಂದಗಿಯ ಹಳ್ಳಿಗಳಿಗೂ ಆ ಕಾಲ ಸಿಕ್ಕಲಿಲ್ಲ. ಉಟ್ಟ ಬಟ್ಟೆಯಲ್ಲಿಯೇ ಹೊರಬಿದ್ದವರು ಅನೇಕರು.

ಕೊನೆಯ ಋಣ ಮನೆ ಬಿಡುವವರದಲ್ಲ, ಮನೆಯಲ್ಲಿ ಉಳಿದವರದು. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆಯು ಸಿಂದಗಿ, ಇಂಡಿ ಸೀಮೆಗಳತ್ತ ಕೃಷ್ಣೆಯ ನೀರನ್ನು ಒಯ್ಯುತ್ತದೆ. ಆಲಮಟ್ಟಿಯ ಹಿನ್ನೀರು ಮುಳವಾಡ ಏತ ನೀರಾವರಿಯ ಮೂಲಕ ಬಾಗೇವಾಡಿ ಸೀಮೆಯ ಎತ್ತರದ ಹೊಲಗಳನ್ನು ಏರುತ್ತದೆ. ಕಾಲುವೆಯ ಕೊನೆಯಂಚಿಗೆ ನೀರು ಸಾಲದೆಂಬ ಕೊರಗು ಇದ್ದರೂ, ನೀರು ಕಂಡ ಹೊಲಗಳವರು ಗುಳೆಯ ಗಂಟನ್ನು ಬಿಚ್ಚಿಟ್ಟಿದ್ದಾರೆ. ಮುದ್ದೇಬಿಹಾಳ, ಬಾಗೇವಾಡಿ ದಂಡೆಯ ಒಲೆಗಳು ಆರಿದ್ದರಿಂದ ಸಿಂದಗಿ, ಇಂಡಿಯ ಒಲೆಗಳು ವರ್ಷವಿಡೀ ಉರಿಯುವಂತಾದವು. ಈ ಋಣವನ್ನು ಯಾವ ಸರಕಾರವೂ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಮಠಗಳೂ ಮನೆಗಳೂ ಹಿಡಿಯಬೇಕು.

ನಾಳೆ ಕೃಷ್ಣಾತೀರದಲ್ಲಿ ಮತ್ತೊಂದು ಊರು ಎತ್ತರಕ್ಕೆ ಏರಿ, ಹೊಸ ಮನೆಗಳಲ್ಲಿ ಇಷ್ಟಲಿಂಗಪೂಜೆ, ಜಂಗಮಾರಾಧನೆಗಳು ನಡೆಯುವ ದಿನ, ಅಲ್ಲಿಯ ಮೊದಲ ದಾಸೋಹಕ್ಕೆ ಇಂಡಿ, ಸಿಂದಗಿಯ ಕಾಲುವೆಯ ಹೊಲಗಳಿಂದ ಜೋಳದ ಚೀಲಗಳು ಬರಲಿ. 2023ರಲ್ಲಿ ಭೌಗೋಳಿಕ ಮಾನ್ಯತೆಯನ್ನು ಪಡೆದ ಇಂಡಿಯ ನಿಂಬೆಯ ಸಸಿಯೊಂದು ಪ್ರತಿಯೊಂದು ಹೊಸ ಹಿತ್ತಿಲಿಗೂ ಸಲ್ಲಲಿ. ಆ ಗಿಡ ಕಾಯಿ ಬಿಡುವಷ್ಟರಲ್ಲಿ ಪರವೂರು ಸ್ವಂತ ಊರಾಗುತ್ತದೆ.