ಶೂವಿನ ನಾಲಿಗೆ

ನನ್ನ ಓಟದ ಶೂಗಳ ಅಟ್ಟೆ ಸವೆದು ಎರಡು ತಿಂಗಳಾಯಿತು. ಬಲಗಾಲಿನದು ಹಿಮ್ಮಡಿಯ ಹೊರಮಗ್ಗುಲಲ್ಲಿ ಓರೆಯಾಗಿ ತೇದುಹೋಗಿದೆ, ಎಡಗಾಲಿನದರಲ್ಲಿ ಹೆಬ್ಬೆರಳಿನ ಹತ್ತಿರ ಜಾಲರಿ ಬಟ್ಟೆ ಕಿತ್ತು ಕಾಲುಚೀಲ ಇಣುಕುತ್ತಿದೆ. ಲಾಲ್‌ಬಾಗಿನಲ್ಲಿ ವಾರಕ್ಕೆ ನಾಲ್ಕು ದಿನ ಓಡುವವರಿಗೆ ಒಂದು ಜೊತೆ ಎಂಟು ತಿಂಗಳು ಬಂದರೆ ಹೆಚ್ಚು. ಹೊಸದು ಕೊಳ್ಳಬೇಕು, ಅಷ್ಟೇ ತಾನೇ? ಇಷ್ಟು ವರ್ಷ ಹಾಗೇ ಮಾಡುತ್ತಿದ್ದೆ. ಈ ಸಲ ಯಾಕೋ ಹಳೆಯ ಶೂವಿನ ಲೇಸು ಬಿಚ್ಚಿ, ನಾಲಿಗೆಯನ್ನು ಮೇಲೆತ್ತಿ ನೋಡಿದೆ. ಒಳಗೆ ಬೆವರಿಗೆ ಅರ್ಧ ಅಳಿಸಿದ ಒಂದು ಚೀಟಿ. ಸೈಜು, ಯಾವುದೋ ನಂಬರು, ಕೆಳಗೆ 'ಮೇಡ್ ಇನ್ ವಿಯೆಟ್ನಾಂ'. ನಾಲಿಗೆ ಹೇಳುವುದು ಇಷ್ಟೇ. ಎಂಟು ತಿಂಗಳು ನನ್ನ ಪಾದಕ್ಕೆ ಅಂಟಿಕೊಂಡೇ ಇದ್ದ ವಸ್ತುವಿದು. ಇದನ್ನು ಹೊಲಿದ ಕೈ ಯಾರದು, ಆ ಕೈಗೆ ದಕ್ಕಿದ್ದೆಷ್ಟು ಎಂಬ ಪ್ರಶ್ನೆ ಅವತ್ತು ಹುಟ್ಟಿದ್ದು, ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ತಂದೆಗೆ ಈ ಪ್ರಶ್ನೆ ಬಂದಿರಲಾರದು. ಅವರ ಚಪ್ಪಲಿ ಹೊಲಿಯುವವರು ಯಾರೆಂದು ಊರಿಗೇ ಗೊತ್ತಿತ್ತು. ಹಳೆಯ ಪೇಪರಿನ ಮೇಲೆ ಕಾಲಿಡಿಸಿ, ಕಿವಿಯ ಸಂದಿಯಲ್ಲಿದ್ದ ಸೀಸದಕಡ್ಡಿ ತೆಗೆದು ಸುತ್ತ ಗೆರೆ ಎಳೆದುಕೊಂಡು ಹೋಗುತ್ತಿದ್ದರು. ಆ ಪೇಪರಿನ ಪಾದವನ್ನು ನೋಡುವುದು ನನಗೆ ಬಲು ಇಷ್ಟವಾಗಿತ್ತು. ಒಂದು ವಾರಕ್ಕೆ ಚಪ್ಪಲಿ ಬರುತ್ತಿತ್ತು, ಜೊತೆಗೆ ಹೊಸ ಚರ್ಮದ ಘಾಟು ವಾಸನೆ. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯದ ರಾಗಿ. ಎಂಥ ಚೆಂದದ ಕಾಲ, ಮಾಡಿದವರೂ ಮೆಟ್ಟಿದವರೂ ಮುಖಾಮುಖಿ ಇದ್ದರು ಅಂತ ಬರೆದು ಮುಗಿಸಿಬಿಡಬಹುದು. ಆದರೆ ಮನಸ್ಸು ಒಪ್ಪುವುದಿಲ್ಲ. ಅಳತೆ ತೆಗೆದುಕೊಳ್ಳಲು ಬಂದ ಆ ಹಿರಿಯರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಅಂಗಳದಲ್ಲಿ ಕೂರುತ್ತಿದ್ದರು, ನೀರು ಕೇಳಿದರೆ ನಮ್ಮ ಮನೆಯವರು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಮುಖ ಗೊತ್ತಿದ್ದೂ ನ್ಯಾಯ ಇರಲಿಲ್ಲ. ಹಳೆಯ ಕಾಲವನ್ನು ಹೊಗಳುವಾಗೆಲ್ಲ ಆ ಬೊಗಸೆ ನನ್ನ ಕಣ್ಣ ಮುಂದೆ ಬರುತ್ತದೆ.

ನಮ್ಮ ಭಾಷೆಯನ್ನೇ ನೋಡಿ. ಕಾಲಿಗೆ ಹಾಕುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತು! ಕೆರ, ಎಕ್ಕಡ, ಮೆಟ್ಟು, ಜೋಡು, ಚಡಾವು, ಪಾಪೋಸು, ಪಾದರಕ್ಷೆ, ಮರದ್ದಾದರೆ ಹಾವುಗೆ. ಇಷ್ಟು ಸಂಪತ್ತಿದ್ದೂ ಇವುಗಳಲ್ಲಿ ಅರ್ಧ ನಾವು ಬಳಸುವುದು ಬೈಯುವುದಕ್ಕೆ. ಮೆಟ್ಟನ್ನು ಹೀಗೆ ಕೀಳಾಗಿ ಕಂಡ ನಾಡಿನಲ್ಲಿ ಅದನ್ನು ಮಾಡಿದವರಿಗೆ ಮರ್ಯಾದೆ ಎಲ್ಲಿಂದ ಬರಬೇಕು? ಅದಕ್ಕೇ ಕಲ್ಯಾಣದ ಹರಳಯ್ಯನ ಕಥೆ ನನಗೆ ದೊಡ್ಡದೆನಿಸುತ್ತದೆ. ಗೊತ್ತಿರುವುದೇ ಬಿಡಿ. ಹರಳಯ್ಯ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದರಂತೆ. ಆ ಒಂದು ಹೆಚ್ಚಿನ ಮಾತಿನ ಋಣ ತೀರಿಸಲು ಗಂಡಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರಂತೆ. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರಂತೆ. ಮಾಡಿದವರ ಮೈಯೇ ಮೆಟ್ಟಿನಲ್ಲಿದೆ ಎಂದು ಇದಕ್ಕಿಂತ ನೇರವಾಗಿ ಹೇಳಿದ ಕಥೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಗಾಂಧೀಜಿಯೂ ಚಪ್ಪಲಿ ಹೊಲಿಯುತ್ತಿದ್ದರು, ನೆನಪಿದೆಯೇ? ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲನ್‌ಬಾಕ್ ಅವರಿಂದ ಕಲಿತ ಕಸುಬು. ತಮ್ಮನ್ನು ಜೈಲಿಗೆ ಕಳಿಸಿದ ಜನರಲ್ ಸ್ಮಟ್ಸ್‌ಗೇ ಒಂದು ಜೊತೆ ಕೊಟ್ಟು 1914ರಲ್ಲಿ ಹಡಗು ಹತ್ತಿದರು. ಸ್ಮಟ್ಸ್ ಅವನ್ನು ವರ್ಷಗಟ್ಟಲೆ ಮೆಟ್ಟಿ, ಗಾಂಧೀಜಿಗೆ 70 ತುಂಬಿದಾಗ ಹಿಂದಕ್ಕೆ ಕಳಿಸಿದರು. ಅಷ್ಟು ದೊಡ್ಡವರ ಮೆಟ್ಟಿನಲ್ಲಿ ನಿಲ್ಲುವ ಯೋಗ್ಯತೆ ತಮಗಿಲ್ಲ ಎಂದು ಬರೆದುಕೊಂಡರು. ಹೊಲಿದವರು ಯಾರೆಂದು ಗೊತ್ತಿದ್ದರೆ ಕಾಲಿಗೂ ಒಂದು ಸಂಕೋಚ ಬರುತ್ತದೆ ನೋಡಿ.

ಎಲ್ಲಿದ್ದೆ? ಶೂ ಅಂಗಡಿಗೆ ಹೊರಟಿದ್ದೆ. ಜಯನಗರದ ಒಂದು ಅಂಗಡಿಗೆ ಹೋದೆ. ಗೋಡೆ ತುಂಬ ಬಣ್ಣಬಣ್ಣದ ಶೂಗಳು. ನಾನು ಒಂದೊಂದರ ನಾಲಿಗೆಯನ್ನೂ ಎತ್ತಿ ನೋಡುತ್ತಿದ್ದೆ: ವಿಯೆಟ್ನಾಂ, ಇಂಡೊನೇಷ್ಯಾ, ಚೀನಾ, ಕೆಲವು ಇಂಡಿಯಾ. "ಏನಪ್ಪಾ, ಇದನ್ನ ಹೊಲಿದವರಿಗೆ ಸಂಬಳ ಸರಿಯಾಗಿ ಕೊಡ್ತಾರಾ, ಏನಾದರೂ ಗೊತ್ತಾ?" ಅಂದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ನಗಲಿಲ್ಲ, ಸ್ವಲ್ಪ ಯೋಚಿಸಿದ. "ನಮಗೆ ಎಷ್ಟು ಕೊಡ್ತಾರೆ ಅಂತ ಗೊತ್ತು ಸಾರ್. ಅವರದು ಗೊತ್ತಿಲ್ಲ" ಅಂದ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕಂತೆ. ಸ್ಟೂಲಿರುವುದು ಗಿರಾಕಿಗಳ ಕಾಲಿಗೆ ಶೂ ಹಾಕುವಾಗ ಕೂರಲು ಮಾತ್ರ. ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಕೆಲಸದ ವೇಳೆ ಕೂರುವ ಹಕ್ಕನ್ನು ಕಾನೂನಿಗೇ ಸೇರಿಸಿದರು. 2021ರಲ್ಲಿ ತಮಿಳುನಾಡಿನಲ್ಲೂ ಅದು ಬಂತು. ಕುರ್ಚಿಗೂ ಕಾನೂನು ಬೇಕಾಯಿತಲ್ಲ! ಶೂ ಕೊಳ್ಳದೆ ಹೊರಗೆ ಬಂದೆ, ಆ ಹುಡುಗನ ಉತ್ತರ ಮಾತ್ರ ನನ್ನ ಜೊತೆಗೇ ಮನೆಗೆ ಬಂತು.

ಗೊತ್ತಿಲ್ಲ ಎನ್ನುವುದೇ ಈ ವ್ಯಾಪಾರದ ಬುನಾದಿಯಾಗಿತ್ತು ಒಂದು ಕಾಲಕ್ಕೆ. 1992ರಲ್ಲಿ ಜೆಫ್ ಬ್ಯಾಲಿಂಜರ್ ಎಂಬವರು ಅಮೆರಿಕದ ಹಾರ್ಪರ್ಸ್ ಪತ್ರಿಕೆಯಲ್ಲಿ ಇಂಡೊನೇಷ್ಯಾದ ಒಬ್ಬ ಹೆಣ್ಣುಮಗಳ ಸಂಬಳದ ಚೀಟಿಯನ್ನು ಇಟ್ಟುಕೊಂಡು ಬರೆದರು. ನೈಕಿ ಶೂ ಹೊಲಿಯುತ್ತಿದ್ದ ಆಕೆಗೆ ಗಂಟೆಗೆ ಸಿಗುತ್ತಿದ್ದುದು 14 ಸೆಂಟು. 1997ರಲ್ಲಿ ಹೊ ಚಿ ಮಿನ್ ನಗರದ ಹತ್ತಿರದ ಕಾರ್ಖಾನೆಯೊಂದರ ತಪಾಸಣೆ ವರದಿ ಹೊರಬಿತ್ತು; ಕಂಪನಿಯೇ ಮಾಡಿಸಿದ್ದು. ಅಟ್ಟೆ ಅಂಟಿಸುವ ಗೋಂದಿನಲ್ಲಿರುವ ಟಾಲ್ಯೂಯಿನ್ ಆವಿ ಕೆಲಸಗಾರರ ಎದೆಗೆ ಇಳಿಯುತ್ತಿತ್ತು. ಮರುವರ್ಷ ಕಂಪನಿಯ ಮುಖ್ಯಸ್ಥ ಫಿಲ್ ನೈಟ್ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ನಿಂತು, ತಮ್ಮ ಸರಕಿನ ಹೆಸರು ಜೀತದ ಕೂಲಿಗೂ ಬಲವಂತದ ಓವರ್‌ಟೈಮಿಗೂ ಪರ್ಯಾಯ ಪದವಾಗಿಬಿಟ್ಟಿದೆ ಎಂದು ಒಪ್ಪಿಕೊಂಡರು. ಶೂ ಕಾರ್ಖಾನೆಗೆ 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ, ಗಾಳಿ ಶುದ್ಧ ಮಾಡುತ್ತೇವೆ ಎಂದರು. ನೀರಿನಲ್ಲಿ ಕಲಸಿದ ಗೋಂದು ಬಂತು. 2005ರಲ್ಲಿ ಕಾರ್ಖಾನೆಗಳ ಹೆಸರು, ವಿಳಾಸ ಪ್ರಕಟವಾಯಿತು. ಜನ ಬಿಡದೆ ಕೇಳಿದ್ದರಿಂದ ಆದದ್ದು ಇದೆಲ್ಲ. ಕೇಳಿದರೆ ಏನಾಗುತ್ತದೆ ಎನ್ನುವವರಿಗೆ ನಾನು ಆ ಗೋಂದಿನ ಕಥೆ ಹೇಳುತ್ತೇನೆ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ, ಹದಿನೆಂಟು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ಕೆಲಸ. ಭಾನುವಾರ ನನ್ನ ಹೆಂಡತಿಗೆ ಬ್ಲೌಸ್ ಹೊಲಿದುಕೊಡುತ್ತಾರೆ. ಹಾಗೆ ಬಂದ ಒಂದು ದಿನ ಜಗಲಿಯ ಮೇಲೆ ನನ್ನ ಹಳೆಯ ಶೂ ಬಿದ್ದಿತ್ತು. ಬೇಡ ಬೇಡ ಎನ್ನುವಷ್ಟರಲ್ಲಿ ಕೈಗೆತ್ತಿಕೊಂಡರು. ಮುಖದ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಹೊಲಿಗೆಯ ಗುಂಟ ಸವರುತ್ತಾ ಹೋದರು, ಕುರುಡರು ಅಕ್ಷರ ಓದಿದ ಹಾಗೆ. "ಇಲ್ಲಿ ನೋಡಣ್ಣಾ, ಈ ತಿರುವಿನಲ್ಲಿ ಹೊಲಿಗೆ ಒಂಚೂರು ಜಾರಿದೆ. ಟಾರ್ಗೆಟ್ ಟೈಮು. ಕೊನೇ ಗಂಟೆ ಇರಬೇಕು, ಕೈ ಸೋತಿರ್ತದೆ" ಅಂದರು. ಆಮೇಲೆ ಒಂದೊಂದೇ ತುಂಡು ಎಣಿಸಿದರು. ಜಾಲರಿ, ಪಟ್ಟಿ, ಒಳಗಿನ ಸ್ಪಂಜು, ಹಿಮ್ಮಡಿಯ ಗಟ್ಟಿ ಬಟ್ಟೆ. ಇಪ್ಪತ್ತು ದಾಟಿದ ಮೇಲೆ ಬಿಟ್ಟರು. ಅಮೆರಿಕದ ಎಂಐಟಿಯವರು 2013ರಲ್ಲಿ ಇದೇ ಕೆಲಸ ಮಾಡಿದ್ದರು. ಒಂದು ಓಟದ ಶೂವಿನಲ್ಲಿ 65 ಬಿಡಿಭಾಗ, ಅದು ಶೂ ಆಗುವುದಕ್ಕೆ 360ಕ್ಕೂ ಹೆಚ್ಚು ಹಂತ, ಒಂದು ಜೊತೆಗೆ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡು. ಆ ಲೆಕ್ಕದಲ್ಲಿ ಕೊನೇ ಗಂಟೆಯ ಸೋತ ಕೈ ಇರಲಿಲ್ಲ. ಅದನ್ನು ಓದುವುದಕ್ಕೆ ಈ ಹೆಬ್ಬೆರಳೇ ಬೇಕಾಯಿತು.

"ಒಳ್ಳೇ ಕಂಪನಿ ಯಾವುದು ಅಂತ ಹೇಗಮ್ಮಾ ಗೊತ್ತು ಮಾಡೋದು?" ಅಂದೆ. ಅವರು ತಡಮಾಡಲಿಲ್ಲ. "ಪಿಎಫ್ ಕಟ್ತಾರಾ ಕೇಳಣ್ಣಾ. ಟಾಯ್ಲೆಟ್ಟಿಗೆ ಬಿಡ್ತಾರಾ ಕೇಳು. ಮಿಕ್ಕಿದ್ದೆಲ್ಲ ಆಮೇಲೆ."

ಪಿಎಫ್ ಎಂದಕೂಡಲೇ ನನಗೆ 2016ರ ಏಪ್ರಿಲ್ ನೆನಪಾಯಿತು. ಮಾಲೀಕರು ಕಟ್ಟಿದ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರಲ್ಲ, ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ವಾಪಸು ತೆಗೆದುಕೊಂಡಿತು. "ನಾನೂ ಬೊಮ್ಮನಹಳ್ಳಿ ಹತ್ರ ಕೂತಿದ್ದೆ" ಅಂದರು ಆಕೆ, ಶೂ ಇನ್ನೂ ಕೈಯಲ್ಲೇ ಇತ್ತು. ಅದಕ್ಕೆ ಎರಡು ವರ್ಷ ಮೊದಲು, 2014ರ ಏಪ್ರಿಲ್‌ನಲ್ಲೇ, ಚೀನಾದ ಡೊಂಗ್ವಾನಿನಲ್ಲಿ ನೈಕಿಗೂ ಅಡಿಡಾಸಿಗೂ ಶೂ ಮಾಡಿಕೊಡುವ ಯುಯೆ ಯುಯೆನ್ ಕಾರ್ಖಾನೆಯ ಹತ್ತಾರು ಸಾವಿರ ಜನ ಮಿಷನ್ ನಿಲ್ಲಿಸಿದ್ದರು. ಕಾರಣ? ಮುಪ್ಪಿನ ಕಾಲದ ವಿಮೆಗೆ ಕಂಪನಿ ಸರಿಯಾಗಿ ದುಡ್ಡು ಕಟ್ಟಿರಲಿಲ್ಲ. ಬೇರೆ ದೇಶ, ಬೇರೆ ಭಾಷೆ, ಕೇಳಿದ್ದು ಒಂದೇ. ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅವರಿಗೂ ಅದೇನಾ?" ಅಂದರು.

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನಿಂದ ಚೆನ್ನೈ ರೈಲಿನಲ್ಲಿ ಹೋಗುವಾಗ ಜೋಲಾರ್‌ಪೇಟೆ ದಾಟಿದರೆ ವಾಣಿಯಂಬಾಡಿ, ಆಂಬೂರು. ಬಿರಿಯಾನಿಗೆ ಹೆಸರಾದ ಊರು, ಚರ್ಮದ ಶೂಗಳಿಗೆ ಅದಕ್ಕಿಂತ ಹೆಸರು. ಯುರೋಪಿನ ಅಂಗಡಿಗಳಿಗೆ ಹೋಗುವ ಶೂಗಳ ಮೇಲ್ಭಾಗವನ್ನು ಅಲ್ಲಿನ ಹೆಂಗಸರು ಮನೆಯಲ್ಲೇ ಕೂತು ಕೈಸೂಜಿಯಲ್ಲಿ ಹೊಲಿಯುತ್ತಾರೆ, ಜೊತೆಗಿಷ್ಟು ಎಂದು ಪುಡಿಗಾಸು. ಪಿಎಫ್ ಎಲ್ಲಿಯದು, ಅವರ ಹೆಸರೇ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಸಿವಿಡೆಪ್ ಸಂಸ್ಥೆ ಅವರ ಪಾಡನ್ನು ಲೋಕದ ಕಣ್ಣಿಗೆ ತರುವ ಕೆಲಸ ಮಾಡಿದೆ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಕಿಟಕಿಯಾಚೆ ಹೊಸಿಲ ಮೇಲೆ ತಲೆತಗ್ಗಿಸಿ ಕೂತವರನ್ನು ಕಂಡು ಹೂ ಕಟ್ಟುತ್ತಿದ್ದಾರೆ ಅಂದುಕೊಂಡಿದ್ದೆ.

ಚೆನ್ನಾಗಿ ಮಾಡುವವರು ಇಲ್ಲವೇ ಇಲ್ಲ ಎಂದಲ್ಲ. ಫ್ರಾನ್ಸಿನ ವೇಜಾದವರು ಬ್ರೆಜಿಲ್‌ನಲ್ಲಿ ಶೂ ಮಾಡಿಸುತ್ತಾರೆ. ಅಮೆಜಾನ್ ಕಾಡಿನ ರಬ್ಬರಿಗೆ, ಹಾಲು ಇಳಿಸುವವರ ಕೈಗೇ ಪೇಟೆಗಿಂತ ಹೆಚ್ಚು ಬೆಲೆ ಕೊಡುತ್ತಾರೆ. ಅದೇ ಕಾಡಿನ ಅಕ್ರಿ ಸೀಮೆಯಲ್ಲಿ, ಮರ ಉಳಿಸಲು ನಿಂತ ರಬ್ಬರ್ ಕೆಲಸಗಾರ ಚಿಕೊ ಮೆಂಡೆಸ್ 1988ರಲ್ಲಿ ಗುಂಡಿಗೆ ಬಲಿಯಾದದ್ದು. 2019ರಲ್ಲಿ ವೇಜಾದವರು ಓಟದ ಶೂವನ್ನೂ ತಂದರು, ಕಾಂಡೋರ್ ಎಂದು ಹೆಸರು. ಲೋಕದ ಓಟಗಾರರ ತವರಾದ ಕೀನ್ಯಾದಲ್ಲಿ, ತಮ್ಮ ನೆಲದಲ್ಲೇ ಶೂ ಆಗಲಿ ಎಂದು 2016ರಲ್ಲಿ ಜನರಿಂದ ಹಣ ಕೂಡಿಸಿ ಎಂಡಾ ಎಂಬ ಕಂಪನಿ ಎದ್ದುನಿಂತಿತು. ನಾನು ಹೋದ ಯಾವ ಅಂಗಡಿಯಲ್ಲೂ ಇವೆರಡೂ ಸಿಗಲಿಲ್ಲ. ಹಡಗಿನಲ್ಲೋ ವಿಮಾನದಲ್ಲೋ ತರಿಸಿಕೊಳ್ಳುವ ಮಾತು ಇನ್ನೊಂದು ಲೆಕ್ಕ.

ಬರಿಗಾಲಲ್ಲೇ ಓಡಬಹುದಲ್ಲ ಎಂದ ಗೆಳೆಯರೂ ಇದ್ದಾರೆ. 1960ರ ರೋಮಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ನಿಜ. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಶೂ ಹಾಕಿಕೊಂಡು ಮತ್ತೆ ಗೆದ್ದದ್ದೂ ನಿಜ. ನಮ್ಮ ಫುಟ್‌ಪಾತಿನ ಗಾಜಿನ ಚೂರು ನೋಡಿದವರು ಟೋಕಿಯೋ ಕಡೆಗೇ ವಾಲುತ್ತಾರೆ.

ನನಗೆ ಆಸೆ ಹುಟ್ಟಿಸುವುದು ನಮ್ಮ ಅಥಣಿ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಕಡೆ ಎಷ್ಟು ತಲೆಮಾರಿನಿಂದ ಮಾಡುತ್ತಾರೆ! ಜಾಲಿ ತೊಗಟೆ, ಅಣಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿಸಿ 2019ರಲ್ಲಿ ಜಿಐ ಮಾನ್ಯತೆ ಬಂತು. 2025ರಲ್ಲಿ ಇಟಲಿಯ ಪ್ರಾಡಾದವರು ಅದೇ ನಮೂನೆಯನ್ನು ಮಿಲಾನಿನಲ್ಲಿ ಹೆಸರು ಹೇಳದೆ ಮೆರೆಸಿದಾಗ ಈ ಕಡೆಯಿಂದ ಎದ್ದ ದನಿಗೆ ಅವರು ಮೂಲವನ್ನು ಒಪ್ಪಿಕೊಳ್ಳಲೇಬೇಕಾಯಿತು. ಆ ಕೈಗಳಿಗೆ ನೊರೆಯ ಅಟ್ಟೆ, ಹಗುರ ಜಾಲರಿ, ಒಂದಷ್ಟು ಬಂಡವಾಳ ಸಿಕ್ಕಿ, ಅಥಣಿಯಲ್ಲೇ ಒಂದು ಓಟದ ಶೂ ಆದರೆ? ನಾಲಿಗೆಯ ಒಳಗೆ ಮಾಡಿದವರ ಹೆಸರನ್ನು ಕನ್ನಡದಲ್ಲೇ ಹಾಕಿದ್ದರೆ? ನಾನಂತೂ ಮೊದಲ ಜೊತೆಗೆ ಸಾಲಿನಲ್ಲಿ ನಿಲ್ಲುತ್ತೇನೆ.

ಅಲ್ಲಿಯವರೆಗೆ ಏನು? ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡು ಮಾರ್ಕೆಟ್ ಮೂಲೆಯ ಹೊಂಗೆ ಮರದ ಕೆಳಗೆ ಕೂರುವ ಯಜಮಾನರ ಹತ್ತಿರ ಹೋದೆ. ಶೂವನ್ನು ಮಗುಚಿ, ನೊರೆಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಒಳಗಿನ ಮೆತ್ತೆ ಸತ್ತಿದೆ ಸ್ವಾಮಿ, ಅದಕ್ಕೆ ಜೀವ ಬರಲ್ಲ. ಹಿಮ್ಮಡಿಗೆ ರಬ್ಬರ್ ಹಾಕಿ, ಬಟ್ಟೆ ಹೊಲಿದುಕೊಟ್ಟರೆ ನಾಲ್ಕು ತಿಂಗಳು ನಡೀತದೆ" ಅಂದರು. ಹರಿತ ರಂಪಿಗೆಯಲ್ಲಿ ಹಳೆಯ ಅಟ್ಟೆಯನ್ನು ಒಂದೇ ಸಲಕ್ಕೆ ಸೀಳಿ, ಒರಟು ಕಾಗದದಲ್ಲಿ ಉಜ್ಜಿ, ಡಬ್ಬಿಯ ಮುಚ್ಚಳ ತೆಗೆದರು. ಗೋಂದಿನ ಆ ಘಾಟು ನನ್ನ ಮೂಗಿಗೂ ಬಡಿಯಿತು. ಅವರು ರೂಢಿಯಿಂದ ಮುಖವನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ, ಉಸಿರು ಹಿಡಿದು ಬಳಿದರು. "ದಿನವೆಲ್ಲ ಇದರ ಜೊತೆಗೇ ಇರ್ತೀರಲ್ಲ ಯಜಮಾನರೇ, ತಲೆ ನೋಯಲ್ವಾ?" ಅಂದೆ.

"ಸಂಜೆ ಹೊತ್ತಿಗೆ ನೋಯ್ತದೆ" ಅಂದರು. ಆಮೇಲೆ ಪಕ್ಕದ ಮಣೆಯನ್ನು ನನ್ನತ್ತ ತಳ್ಳಿ, "ಕೂತ್ಕೊಳ್ಳಿ, ನಿಂತೇ ಇದೀರಲ್ಲ. ಅಂಟು ಒಣಗೋಕೆ ಇನ್ನೂ ಹೊತ್ತಿದೆ" ಅಂದರು.