ಅವಕಾಶವೋ, ಹಕ್ಕೋ?

ಕೇರಳ ಹೈಕೋರ್ಟು 2025ರ ಜುಲೈ ತಿಂಗಳಲ್ಲಿ ರಾಜ್ಯದ ಜಿಲ್ಲಾ ನ್ಯಾಯಾಂಗಕ್ಕಾಗಿ ಕೃತಕ ಬುದ್ಧಿಮತ್ತೆಯ ಬಳಕೆಯ ಕುರಿತು ನೀತಿಯೊಂದನ್ನು ಹೊರಡಿಸಿತು. ತೀರ್ಪು, ಆದೇಶಗಳನ್ನು ನಿರ್ಣಯಿಸಲು ಯಂತ್ರವನ್ನು ಆಶ್ರಯಿಸಕೂಡದು. ಯಂತ್ರ ಮಾಡಿದ ಅನುವಾದವನ್ನು ಅರ್ಹ ಅನುವಾದಕರಾಗಲಿ ಸ್ವತಃ ನ್ಯಾಯಾಧೀಶರಾಗಲಿ ಪರಿಶೀಲಿಸಬೇಕು ಎಂದು ಅದು ವಿಧಿಸಿತು. ಅದೇ ವರ್ಷದ ನವೆಂಬರ್ 1ರಿಂದ ಸಾಕ್ಷಿಗಳ ಹೇಳಿಕೆಯನ್ನು ‘ಅದಾಲತ್ ಎಐ’ ಎಂಬ ತಂತ್ರಾಂಶದ ನೆರವಿನಿಂದ ದಾಖಲಿಸಬೇಕೆಂಬ ನಿರ್ದೇಶನವೂ ಬಂತು. ಯಂತ್ರವನ್ನು ಒಳಗೆ ಬಿಟ್ಟುಕೊಂಡು, ಹೊಸಿಲಿನಲ್ಲಿ ಮನುಷ್ಯನೊಬ್ಬನನ್ನು ಕಾವಲಿಗೆ ನಿಲ್ಲಿಸಿದ ಕ್ರಮವಿದು.

ಆದರೆ ಬಡವರ ವ್ಯಾಜ್ಯ ನ್ಯಾಯಾಲಯದ ಹೊಸಿಲಿಗಿಂತ ಬಹಳ ಹಿಂದೆಯೇ ಆರಂಭವಾಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. ಕೇರಳದಲ್ಲಿ ಆ ವ್ಯವಸ್ಥೆಯ ಕೇಂದ್ರ ಕೊಚ್ಚಿಯಲ್ಲಿದೆ. ದೇಶದ ಕಾನೂನು ನೆರವಿನ ಚಿಂತನೆಗೆ ಅಡಿಪಾಯ ಹಾಕಿದವರಲ್ಲೊಬ್ಬರಾದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬಾಳಿದ್ದೂ ಇದೇ ನಗರದಲ್ಲಿ. ಕಾಸರಗೋಡು, ಮಂಜೇಶ್ವರದ ಕನ್ನಡಿಗನಿಗೆ ಹೈಕೋರ್ಟು ಇರುವುದು ಕೊಚ್ಚಿಯಲ್ಲಿ, ಸರಕಾರ ಇರುವುದು ತಿರುವನಂತಪುರದಲ್ಲಿ. ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಅನುಕೂಲವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವನಿಗೆ ಕೊಟ್ಟಿದೆ. ಆದರೆ ಆ ಪತ್ರವನ್ನು ಓದಬಲ್ಲ ಕಣ್ಣುಗಳು ತಿರುವನಂತಪುರದ ಕಚೇರಿಗಳಲ್ಲಿ ಎಷ್ಟು?

ಈ ಕೊರತೆಯನ್ನು ಯಂತ್ರ ಒಂದು ಮಟ್ಟಿಗೆ ತುಂಬುತ್ತಿದೆ. ಮಲಯಾಳದ ನೋಟೀಸು ಕೈಗೆ ಬಂದರೆ ಹಿಂದೆ ಓದಿ ಹೇಳುವವರನ್ನು ಹುಡುಕಿಕೊಂಡು ನಮ್ಮಂಥವರ ಮನೆಗೆ ಬರುತ್ತಿದ್ದರು. ಈಗ ಫೋನಿನಲ್ಲಿ ಚಿತ್ರ ತೆಗೆದರೆ ಕ್ಷಣದಲ್ಲಿ ಕನ್ನಡ ದೊರೆಯುತ್ತದೆ. ಇದನ್ನು ಹಗುರವಾಗಿ ಕಾಣಲಾಗದು. ಇನ್ನೊಬ್ಬರ ಮುಂದೆ ಮನೆಯ ಗುಟ್ಟನ್ನು ಬಿಚ್ಚಿಡದೆ ತನ್ನ ಕಾಗದವನ್ನು ತಾನೇ ತಿಳಿಯುವುದು ಘನತೆಯ ಸಂಗತಿ.

ತೊಡಕಿರುವುದು ಎರಡು ಭಾಷೆಗಳ ನೆಂಟಸ್ತಿಕೆಯಲ್ಲೇ. ಕನ್ನಡದಲ್ಲಿ ‘ಪ್ರತಿ’ ಎಂದರೆ ನಕಲು; ಮಲಯಾಳದ ಕೋರ್ಟಿನಲ್ಲಿ ‘ಪ್ರತಿ’ ಎಂದರೆ ಆರೋಪಿ. ನಮಗೆ ‘ಅಪೇಕ್ಷೆ’ ಬಯಕೆ, ಅವರಿಗೆ ಅರ್ಜಿ. ದಾವೆಯ ಅರ್ಜಿಗೆ ಅಲ್ಲಿ ‘ಅನ್ಯಾಯಂ’ ಎಂದು ಹೆಸರು, ದಾವೆ ಹೂಡಿದವನು ‘ಅನ್ಯಾಯಕ್ಕಾರನ್’. ನ್ಯಾಯ ಕೇಳಲು ಹೋದವನಿಗೆ ಈ ಬಿರುದು ಕೇಳಿ ಎದೆ ಧಸಕ್ಕೆನ್ನದಿರದು.

ಕೆಲಕಾಲದ ಹಿಂದೆ ಎರ್ನಾಕುಳಂನಲ್ಲಿ ನಮ್ಮ ಬಳಗದವರು ಸೇರಿದ್ದಾಗ, ಮಗನ ಮನೆಗೆ ಬಂದಿದ್ದ ಗಡಿನಾಡಿನ ಹಿರಿಯ ಹೆಂಗಸೊಬ್ಬರು ತಮ್ಮ ಜೀವನಾಂಶದ ಕಾಗದವನ್ನು ಮುಂದಿಟ್ಟರು. ಫೋನು ಅದನ್ನು ಆಗಲೇ ಕನ್ನಡಿಸಿತ್ತು: ‘ಜೀವನಾಂಶಕ್ಕೆ ಅವಕಾಶವಿದೆ.’ ಸಿಕ್ಕರೂ ಸಿಗಬಹುದು ಎಂದು ಆಕೆ ಅರ್ಥಮಾಡಿಕೊಂಡಿದ್ದರು. ಕೊಟ್ಟಷ್ಟನ್ನು ತೆಗೆದುಕೊಂಡು ರಾಜಿಯಾಗಲು ಮನಸ್ಸನ್ನೂ ಗಟ್ಟಿಮಾಡಿದ್ದರು. ನಮ್ಮಲ್ಲಿ ಎರಡೂ ಭಾಷೆ ಬಲ್ಲ ಗೆಳತಿಯೊಬ್ಬರು ಮೂಲವನ್ನು ಓದಿ, “ಅಮ್ಮಾ, ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು” ಎಂದರು. ಆಕೆ ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

ಉಳಿದೆಲ್ಲ ವಾಕ್ಯಗಳೂ ಸರಿಯಾಗಿದ್ದವು ಎಂಬುದೇ ಇಲ್ಲಿ ಭಯದ ಮಾತು. ಒರಟು ಅನುವಾದವನ್ನು ಓದುಗ ಸಂಶಯಿಸುತ್ತಾನೆ, ನುಣುಪಾದುದನ್ನು ನಂಬುತ್ತಾನೆ. ಕೋರ್ಟಿನ ‘ಲೀವ್ ಗ್ರಾಂಟೆಡ್’ ಯಂತ್ರದ ಹಿಂದಿಯಲ್ಲಿ ರಜೆ ಮಂಜೂರಾದಂತೆ ಆಯಿತೆಂದು ವಕೀಲರು ನಗಬಲ್ಲರು, ಮೂಲ ಅವರಿಗೆ ತಿಳಿದಿದೆ. ಹಣವುಳ್ಳವನ ಕಾಗದವನ್ನು ಅವನ ವಕೀಲರು ಮತ್ತೊಮ್ಮೆ ಓದುತ್ತಾರೆ. ಉಚಿತ ನೆರವನ್ನು ಅರಸುವವರಿಗೆ ಅನೇಕ ವೇಳೆ ಮೊದಲ ಓದೇ ಕೊನೆಯ ಓದು.

ಆದುದರಿಂದ ನ್ಯಾಯಾಧೀಶರ ಮೇಜಿಗೆ ಹೈಕೋರ್ಟು ವಿಧಿಸಿದ ಎಚ್ಚರವೇ ನೆರವಿನ ಕೇಂದ್ರದ ಮೇಜಿಗೂ ಬೇಕು. ಅಲ್ಲಿ ಕೈಸೇರುವ ಪ್ರತಿಯೊಂದು ಯಂತ್ರಾನುವಾದದ ಕೆಳಗೂ ಅದನ್ನು ಓದಿ ನೋಡಿದ ಮನುಷ್ಯನ ಹೆಸರಿರಬೇಕು. ಕಾನೂನು ಸೇವೆಯ ಸ್ವಯಂಸೇವಕರ ಯೋಜನೆಯಲ್ಲಿ ಶಿಕ್ಷಕರಿಗೂ ನಿವೃತ್ತ ನೌಕರರಿಗೂ ಎಡೆಯಿದೆ. ಈ ಎರಡು ನಗರಗಳಲ್ಲಿ ದಶಕಗಳ ಕಾಲ ದುಡಿದು, ಎರಡು ನುಡಿಗಳಲ್ಲಿ ಪಳಗಿದ ಹಿರಿಯರು ನಮ್ಮ ನಡುವೆ ಹಲವರಿದ್ದಾರೆ. ಇನ್ನೂ ನೌಕರಿಯಲ್ಲಿರುವ ನಾವು ‘ಪ್ರತಿ’, ‘ಅಪೇಕ್ಷೆ’, ‘ಅವಕಾಶ’ಗಳಂಥ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸತೊಡಗಿದ್ದೇವೆ. ಓದುಗರೂ ತಮಗೆ ಎದುರಾದ ಪದಗಳನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇವೆ.